ಕೌಸಲ್ಯಾಬಾಯಿಯ ಹೆಬ್ಬೆಟ್ಟು, ಪಂಢರಿಯ ದನಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. 2016ರ ಈ ಬೇಸಿಗೆಯ ಬಿಸಿಲಿಗೆ ಎಷ್ಟು ಅವಸರವೆಂದರೆ, ಸೂರ್ಯ ಹುಟ್ಟುವ ಮೊದಲೇ ಅದು ಬಂದು ಬೀದರಿನ ಅಂಗಳಗಳಲ್ಲಿ ಕುಳಿತಿದೆ. ಕೋಟೆಯ ಗೋಡೆ ನೆರಳು ಹುಡುಕಿಕೊಂಡು ಎರಡು ಗಜ ಸರಿದಿದೆ ಎಂದು ಆಟೋದವರು ಹೇಳುತ್ತಾರೆ. ಸುಳ್ಳು. ನಾನೇ ಅಳೆದಿದ್ದೇನೆ, ಮೂರು ಗಜ.

ಕಾಳಿನ ಪೇಟೆಯಾದ ಗಾಂಧಿ ಗಂಜಿನ ಹಿಂದಿನ ಓಣಿಯ ಒಂದು ಕೋಣೆಯಲ್ಲಿ ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಐವತ್ತೆಂಟು ವರ್ಷದ ಕೌಸಲ್ಯಾಬಾಯಿ ಕುಳಿತು ಒಂದು ತೊಗರಿ ಕಾಳನ್ನು ಹೆಬ್ಬೆಟ್ಟು ಮತ್ತು ತೋರುಬೆರಳಿನ ನಡುವೆ ಹೊರಳಿಸುತ್ತಿದ್ದಾರೆ. ಕಾಳಿನ ಮೂತಿ ತಗುಲಿದ್ದು ಹೆಬ್ಬೆಟ್ಟಿಗೆ ತಿಳಿದರೆ ಇವತ್ತು ಕೆಲಸ ಉಂಟು. ತಿಳಿಯದಿದ್ದರೆ ಬಲ್ಬು ಆರಿಸಿ ಮತ್ತೆ ಮಲಗುವುದು.

"ಹೆಬ್ಬೆಟ್ಟಿಗಿ ಹತ್ತೇದರಿ ಇವತ್ತ. ಜರಾ ಮಬ್ಬ ಅದ, ಆದ್ರ ಹತ್ತೇದ," ಎನ್ನುತ್ತಾರೆ.

ಅವರ ಮುಂದೆ ಎರಡು ಟೇಪ್ ರೆಕಾರ್ಡರುಗಳಿವೆ. ಒಂದರ ಬೆನ್ನಿನ ಮುಚ್ಚಳ ಕಿತ್ತಿದೆ, ಒಳಗೆ ರಬ್ಬರಿನ ಪಟ್ಟಿಗೆ ಸಿಕ್ಕಿಕೊಂಡು ಹಿತ್ತಾಳೆಯ ಪುಟ್ಟ ಗಾಲಿಯೊಂದು ತಿರುಗುತ್ತದೆ. ಪಕ್ಕದಲ್ಲಿ ತಾಮ್ರದ ಕೊಡ, ಖಾಲಿ. ಅವರು ಮರದ ಸೌಟಿನಿಂದ ಕೊಡಕ್ಕೆ ಒಂದು ಪೆಟ್ಟು ಹಾಕುತ್ತಾರೆ. ಠಣ್. ಆಮೇಲೆ ಟೇಪು ಒತ್ತುತ್ತಾರೆ. ಟೇಪಿನಲ್ಲೂ ಅದೇ ಕೊಡದ ಪೆಟ್ಟು ಇದೆ, ಆದರೆ ಸಣ್ಣಗೆ, ಚಮಚ ಬಿದ್ದ ಹಾಗೆ, ಟಿಣ್. ಟೇಪನ್ನು ಹಿಂದಕ್ಕೆ ಓಡಿಸಿ, ತಿರುಗುವ ಗಾಲಿಯ ಅಂಚಿಗೆ ಹೆಬ್ಬೆಟ್ಟು ತಾಗಿಸುತ್ತಾರೆ. ಗಾಲಿ ತುಸು ನಿಧಾನವಾಗುತ್ತದೆ. ಇನ್ನಷ್ಟು ಒತ್ತುತ್ತಾರೆ. ಎಂಟನೆಯ ಸಲ ಟೇಪಿನ ಕೊಡವೂ ನೆಲದ ಕೊಡವೂ ಒಂದೇ ದನಿಯಲ್ಲಿ ಠಣ್ ಅನ್ನುತ್ತವೆ. ಅದರ ಬೆನ್ನಿಗೇ ಒಬ್ಬ ಗಂಡಸಿನ ಹಾಡು ಬರುತ್ತದೆ. ಇನ್ನು ನಾಲ್ಕು ನಿಮಿಷ ಈ ಹೆಂಗಸು ಉಸಿರಾಡುವುದಿಲ್ಲ. ನಾನು ಗಡಿಯಾರ ಹಿಡಿದು ನೋಡಿದ್ದೇನೆ, ನಲವತ್ತು ನಿಮಿಷ ಉಸಿರಾಡಲಿಲ್ಲ.

ಬೆಳಗಿನ ಈ ಎರಡು ತಾಸೇ ಯಾಕೆ? ಊರು ಏಳುವ ಮುಂಚೆ ಕರೆಂಟು ಸಮ ಇರುತ್ತದೆ. ಏಳು ಗಂಟೆಗೆ ಪಂಪು, ಮಿಕ್ಸರು, ಹಿಟ್ಟಿನ ಗಿರಣಿ ಶುರುವಾದರೆ ಬಲ್ಬು ಕಣ್ಣು ಮಿಟುಕಿಸುತ್ತದೆ, ಅದರ ಜೊತೆ ಗಾಲಿಯೂ ಕುಂಟುತ್ತದೆ. ಆಗ ಹೆಬ್ಬೆಟ್ಟಿಗೆ ಕೆಲಸವಿಲ್ಲ.

ಈ ಕೋಣೆಯೇ 'ಖಾಲಿ ಕೊಡ ಕ್ಯಾಸೆಟ್ಸ್, ಬೀದರ' ಎಂಬ ಕಂಪನಿಯ ಕೊನೆಯ ಆಸ್ತಿ. 1986ರಿಂದ 1992ರವರೆಗೆ ಆರು ವರ್ಷ, ಏಳು ಕ್ಯಾಸೆಟ್ಟು, ನಲವತ್ತೊಂದು ಹಾಡು. ನನ್ನ ಪ್ರಕಾರ ಗೋದಾವರಿಯಿಂದ ಕನ್ಯಾಕುಮಾರಿಯವರೆಗೆ ಪಂಕ್ ಸಂಗೀತದ ಮೊಟ್ಟಮೊದಲ ಕಂಪನಿ. ಒಂಬತ್ತು ಲಕ್ಷ ಕ್ಯಾಸೆಟ್ ಮಾರಿದರು ಎಂದು ನಾನು ಪತ್ರಿಕೆಗಾಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಗ ಕೌಸಲ್ಯಾಬಾಯಿ ಬಗ್ಗಿ ನೋಡಿದರು.

"ಲಕ್ಷ ಎಲ್ಲಿಂದ ತಂದ್ರಿ? ಒಂಬೈನೂರ ಅಂತ ಬರೀರಿ. ಅದೂ ಭಾಳ ಓಡಿದ್ದು ಒಂದೇ. ಉಳಿದಾವು ಮುನ್ನೂರ, ನಾಕನೂರ."

ಕಂಪನಿಯ ಮಾಲೀಕರು ಶರಫೋದ್ದೀನ ಸಾಬ್. ಇದೇ ಓಣಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವರು, ತೀರಿಕೊಂಡು ಏಳು ವರ್ಷವಾಯಿತು. ಹಾಡುಗಾರ ಭಾಲ್ಕಿಯ ಪಂಢರಿ. ಕಂಪನಿಯನ್ನು ಬಲ್ಲ ಹತ್ತಿಪ್ಪತ್ತು ಜನ ಈ ಎರಡು ಹೆಸರು ಹೇಳುತ್ತಾರೆ. ಬಟನ್ ಒತ್ತಿದ, ಪ್ರತಿಯೊಂದು ಕ್ಯಾಸೆಟ್ಟನ್ನೂ ಕೈಯಾರೆ ಪ್ರತಿ ಮಾಡಿದ ಮೂರನೆಯವರ ಹೆಸರು ಯಾವ ಕ್ಯಾಸೆಟ್ಟಿನ ಮೇಲೂ ಇಲ್ಲ.

ಕೌಸಲ್ಯಾಬಾಯಿ ಔರಾದ ತಾಲೂಕಿನ ಚಿಂತಾಕಿಯವರು. ಬೌದ್ಧ ಕುಟುಂಬ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಬೀದರಿಗೆ ಬಂದು ಗಾಂಧಿ ಗಂಜಿನಲ್ಲಿ ಕಾಳು ಜರಡಿ ಹಿಡಿಯುವ ಕೆಲಸಕ್ಕೆ ನಿಂತರು. ಜರಡಿಯ ಸಪ್ಪಳ ಕೇಳಿಯೇ ತೊಗರಿಯಲ್ಲಿ ಕಲ್ಲೆಷ್ಟು, ತೇವವೆಷ್ಟು ಎಂದು ಹೇಳುತ್ತಿದ್ದರು. ಅವರ ಕಿವಿಗೆ ಹೆದರಿ ಹೈದರಾಬಾದಿನ ವ್ಯಾಪಾರಿಗಳು ಗಂಜಿಗೆ ಬರುವುದನ್ನೇ ಬಿಟ್ಟಿದ್ದರಂತೆ.

"ಅಂಗಡಿ ಎದುರಿಗೆ ಜರಡಿ ಹಿಡೀತಿದ್ದೆರಿ. ಒಳಗ ಸಾಬ್ರು ಒಂದ ರೇಡಿಯೊ ಮೂರ ದಿನದಿಂದ ಬಿಚ್ಚತಿದ್ರು, ಹಾಕತಿದ್ರು. ನಾ ಅಂದೆ, ಸಾಬ್, ಅದರ ಸ್ಪೀಕರಿನ ಪಡದಿ ಎಡಕ್ಕ ಹರದದ ನೋಡ್ರಿ. ಬಿಚ್ಚಿ ನೋಡಿದ್ರು. ಎಡಕ್ಕೇ ಹರದಿತ್ತು. ನಾಳಿಂದ ಜರಡಿ ಬಿಡು, ಇಲ್ಲಿ ಬಾ ಅಂದ್ರು."

ಅದು 1985. ಮರುವರ್ಷ ಪಂಢರಿ ಬಂದರು, ಇಪ್ಪತ್ನಾಲ್ಕರ ಹರೆಯ. ಮಳೆ ಕೈಕೊಟ್ಟ ವರ್ಷವೆಲ್ಲ ಪುಣೆಗೆ ಹೋಗಿ ಗಟಾರು ತೋಡುತ್ತಿದ್ದರು. ಅಲ್ಲೊಂದು ಹಾಸ್ಟೆಲಿನ ಕಿಟಕಿಯಿಂದ ಕೇಳಿಬಂದ ಸಂಗೀತ ಅವರ ತಲೆಗೆ ಹತ್ತಿತ್ತು. ಹುಡುಗರನ್ನು ಕೇಳಿದರೆ, ಇದರ ಹೆಸರು ಪಂಕ್, ಇದಕ್ಕೆ ತಂತಿಯೂ ಹೆಚ್ಚು ಬೇಡ, ಕಲಿಯುವುದೂ ಬೇಡ, ಸಿಟ್ಟಿದ್ದರೆ ಸಾಕು ಎಂದರಂತೆ. 'ಹಂಗಾರ ಇವರ ಊರಾಗೂ ನೀರಿನ ಟ್ಯಾಂಕರ ಬಂದಿಲ್ಲ ಕಾಣ್ತದ' ಅಂದುಕೊಂಡು ಪಂಢರಿ ಮೂರೇ ತಂತಿ ಉಳಿದಿದ್ದ ಒಂದು ಗಿಟಾರು ಹಿಡಿದು ಊರಿಗೆ ಬಂದರು. ಒಬ್ಬ ಗೆಳೆಯ ಹಲಗಿ, ಇನ್ನೊಬ್ಬ ಎಣ್ಣೆಯ ಡಬ್ಬ ಬಾರಿಸುವವ. ಮೊದಲ ಹಾಡು ಹೀಗಿತ್ತು:

ಟ್ಯಾಂಕರ ಬಂತ ಟ್ಯಾಂಕರ ಬಂತ
ಸಾಹೇಬ್ರ ಮನಿ ಹೂವಿಗಿ ಬಂತ

ರೆಕಾರ್ಡು ಮಾಡಲು ಜಾಗ ಬೇಕಿತ್ತು. ಗಂಜಿನಲ್ಲಿ ಲಾರಿಗಳ ಗದ್ದಲ, ಹೊಲದಲ್ಲಿ ಗಾಳಿಯ ಹೊಯ್ಲು. ಕೌಸಲ್ಯಾಬಾಯಿಗೆ ಚಿಂತಾಕಿಯ ಬತ್ತಿದ ಬಾವಿಯೊಂದು ನೆನಪಾಯಿತು. ಅರವತ್ತು ಮೆಟ್ಟಿಲು, ತಳದಲ್ಲಿ ಬಿರಿದ ಕೆಸರು, ಹೊರಗಿನ ಒಂದು ಹಕ್ಕಿಯ ದನಿಯೂ ಒಳಗೆ ಬರುವುದಿಲ್ಲ. ಅದೇ ಸ್ಟುಡಿಯೊ. ಮುಂಬಯಿಯ ಸ್ಟುಡಿಯೊಗಳೆಲ್ಲ ಈ ಬಾವಿಯ ಮುಂದೆ ಬಚ್ಚಲುಮನೆ. 1988ರಲ್ಲಿ ಮಳೆ ಚೆನ್ನಾಗಿ ಬಂದು ಸ್ಟುಡಿಯೊ ಮುಳುಗಿತು. ಊರೆಲ್ಲ ಪೂಜೆ ಮಾಡುವಾಗ ಕಂಪನಿಯ ಮೂವರು ಮಾತ್ರ ಬಾವಿಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕುಳಿತಿದ್ದರು. ಮುಂದೆ ಅದು ಮತ್ತೆ ಬತ್ತುವವರೆಗೆ ಕಂಪನಿಗೆ ರಜೆ.

ಬಾವಿಯಲ್ಲಿ ಕರೆಂಟಿಲ್ಲ. ಗಂಜಿನ ಮೂಲೆಯಲ್ಲಿ ಸತ್ತು ಬಿದ್ದಿದ್ದ ಲಾರಿಯೊಂದರ ಬ್ಯಾಟರಿ ಕಿತ್ತು ತಂದು ರೆಕಾರ್ಡರಿಗೆ ಹಚ್ಚಿದರು. ಶರಫೋದ್ದೀನ ಸಾಬ್ ಒಂದು ಕಟ್ಟಳೆ ಮಾಡಿದ್ದರು. ಹಾಡಿನ ಮೊದಲಿಗೆ ಒಂದು ಸಲ, ಕೊನೆಗೆ ಒಂದು ಸಲ ಖಾಲಿ ಕೊಡಕ್ಕೆ ಪೆಟ್ಟು. ಅದೇ ಕಂಪನಿಯ ಗುರುತು, ಅದೇ ಹೆಸರು. ಕ್ಯಾಸೆಟ್ಟಿನ ಹೊದಿಕೆ ಚಹಾಪುಡಿಯ ರಟ್ಟಿನದು. ಅದರ ಮೇಲೆ ಪಂಢರಿ ತಮ್ಮ ಹರಿದ ಚಪ್ಪಲಿಯ ಅಟ್ಟೆಯಲ್ಲಿ ಕೆತ್ತಿದ ಕೊಡದ ಮುದ್ರೆ.

ರೆಕಾರ್ಡು ಮುಗಿದ ಮರುದಿನವೇ ಪಂಢರಿ ಮತ್ತು ಇಬ್ಬರು ಗೆಳೆಯರು ಲಾರಿ ಹತ್ತಿ ಕೂಲಿಗೆಂದು ಗುಳೆ ಹೋದರು. ಕೌಸಲ್ಯಾಬಾಯಿ ಅಂಗಡಿಯಲ್ಲಿ ಕುಳಿತು ಪ್ರತಿ ಮಾಡತೊಡಗಿದರು. ನಾಲ್ಕು ಮಶೀನು, ದಿನಕ್ಕೆ ಮೂವತ್ತು ಕ್ಯಾಸೆಟ್ಟು. ಮೊದಲ ಕ್ಯಾಸೆಟ್ಟು ಕೇಳಿದ ಕೂಡಲೇ ಅವರ ಕಿವಿ ನಿಮಿರಿತು.

"ಪಂಢರಿದು ದಪ್ಪ ಆವಾಜ್ ಇತ್ತರಿ. ಕಾಳು ತುಂಬೂ ಹಗೇವಿನಾಗ ನಿಂತು ಮಾತಾಡ್ದಂಗ. ಕ್ಯಾಸೆಟಿನಾಗ ನೋಡಿದ್ರ ಯಾರೋ ಕಚಗುಳಿ ಇಟ್ಟಂಗ ಕೀ ಕೀ ಅಂತ ಓಡಲಾಕತ್ತದ. ಸಾಬ್ರಿಗಿ ಹೇಳ್ದೆ. ಅವರಿಗಿ ಮೊದಲೇ ಕಿವಿ ಮಂದ. ಏನಾಗಿಲ್ಲ, ಛಲೋ ಅದ ಅಂದ್ರು."

ಆಗಿದ್ದಿಷ್ಟು. ಸಾಯುತ್ತಿದ್ದ ಬ್ಯಾಟರಿಯಲ್ಲಿ ರೆಕಾರ್ಡರಿನ ಗಾಲಿ ತೆವಳುತ್ತ ತಿರುಗಿತ್ತು. ಅಂಗಡಿಯಲ್ಲಿ ಸರಿಯಾದ ಕರೆಂಟಿಗೆ ಹಾಕಿದಾಗ ಅದೇ ಟೇಪು ಓಡತೊಡಗಿತು. ನಾಲ್ಕು ನಿಮಿಷದ ಹಾಡು ಮೂರು ನಿಮಿಷಕ್ಕೆ ಮುಗಿಯಿತು. ಹಲಗಿ ಆಲಿಕಲ್ಲಿನಂತೆ ಬಿತ್ತು. ಡಬ್ಬಕ್ಕೆ ಹುಚ್ಚು ಹಿಡಿಯಿತು.

ಜನಕ್ಕೂ ಹಿಡಿಯಿತು. ಗಂಜಿನ ಲಾರಿ ಡ್ರೈವರುಗಳ ಕೈಯಲ್ಲಿ ಕ್ಯಾಸೆಟ್ಟು ಹೈದರಾಬಾದಿನ ಇಟ್ಟಿಗೆ ಭಟ್ಟಿಗಳಿಗೆ, ಸೋಲಾಪುರದ ಕಬ್ಬಿನ ಗದ್ದೆಗಳಿಗೆ ಹೋಯಿತು. ದಿನವಿಡೀ ಬೆನ್ನು ಬಗ್ಗಿಸಿದವರು ಸಂಜೆ ಅದನ್ನು ಹಾಕಿ ಧೂಳೆಬ್ಬಿಸಿದರು. ಕಮಲನಗರದ ಸಂತೆಯಲ್ಲಿ ಹಾಡುವವರು ಹೆಂಗಸೋ ಗಂಡಸೋ ಎಂದು ಮರಾಠಿಯಲ್ಲಿ ಶುರುವಾದ ಜಗಳ ಕನ್ನಡದಲ್ಲಿ ಮುಗಿಯಿತು. ಅದರಲ್ಲಿ ಹನ್ನೊಂದು ಹಲ್ಲು ಉದುರಿದವು. ಎಲ್ಲವೂ ಒಬ್ಬನವೇ ಎಂದು ಕೇಳಿದ್ದೇನೆ.

ಆರು ತಿಂಗಳ ಮೇಲೆ ಪಂಢರಿ ಊರಿಗೆ ಬಂದರು. ಭಾಲ್ಕಿಯ ಬಸ್‌ಸ್ಟ್ಯಾಂಡಿನ ಎದುರು ಕಾರ್ಯಕ್ರಮ ಇಟ್ಟಿದ್ದರು. ತಮ್ಮ ದಪ್ಪ ದನಿಯಲ್ಲಿ, ತಮ್ಮ ನಡಿಗೆಯಲ್ಲಿ ಟ್ಯಾಂಕರಿನ ಹಾಡು ಎತ್ತಿಕೊಂಡರು. ಎರಡು ಸಾಲು ಹಾಡುವಷ್ಟರಲ್ಲಿ ಜನ ಎದ್ದು ನಿಂತರು. "ಏ, ಇಂವಾ ಪಂಢರಿ ಅಲ್ಲಲೇ! ಡೂಪ್ಲಿಕೇಟ್ ತಂದು ನಿಂದರ್ಸ್ಯಾರ! ಖರೆ ಪಂಢರಿನ ಕರೀರಿ!" ಚಪ್ಪಲಿಗಳು ಬಂದವು. ಒಂದೂ ಜೋಡಿ ಇರಲಿಲ್ಲ ಎಂಬುದೇ ಪಂಢರಿಯ ದೂರು.

ಅಂದಿನಿಂದ ಪಂಢರಿ ಕ್ಯಾಸೆಟ್ಟಿನ ಪಂಢರಿಯ ಹಾಗೆ ಹಾಡುವುದನ್ನು ಕಲಿಯತೊಡಗಿದರು. ಮಶೀನು ಓಡಿದಷ್ಟು ವೇಗ, ಮಶೀನು ಏರಿದಷ್ಟು ಎತ್ತರ. ಕಲಿತರು ಕೂಡ. ಐದು ವರ್ಷ ಔರಾದ, ಭಾಲ್ಕಿ, ಬೀದರಿನಲ್ಲಿ ಗಂಟಲು ಹರಿಯುವಂತೆ ಹಾಡಿದರು. 1992ರಲ್ಲಿ ಔರಾದದ ಒಂದು ಕಾರ್ಯಕ್ರಮದ ನಡುವೆ ಗಂಟಲು ಹರಿದೇ ಹೋಯಿತು. ಆಮೇಲೆ ಅವರಿಗೆ ಉಳಿದದ್ದು ಪಿಸುಮಾತು. ಅಲ್ಲಿಗೆ ಕಂಪನಿಯೂ ಮುಗಿಯಿತು.

ಇಷ್ಟು ಹೇಳಿ ಕೌಸಲ್ಯಾಬಾಯಿ ಗಾಲಿಯನ್ನು ಬಟ್ಟೆಯಿಂದ ಒರೆಸುತ್ತಾರೆ.

"ಮೊದಲನೇ ಕ್ಯಾಸೆಟ ತಪ್ಪರಿ. ಬ್ಯಾಟರಿ ಸತ್ತದ ಅಂತ ಯಾರಿಗಿ ಗೊತ್ತಿತ್ತು? ಎರಡನೇದು ತಪ್ಪಲ್ಲ, ನಾ ಮಾಡಿದ್ದು. ಎರಡನೇದಕ್ಕ ಸಾಬ್ರು ಹೊಸ ಬ್ಯಾಟರಿ ತಂದು ಕೊಟ್ಟಿದ್ರು. ಬಾವಿತನಕ ಹೊತ್ಕೊಂಡ ಹೋದೆ. ಮಂದಿ ಕೇಳೂದ ಆ ಓಡೂ ಆವಾಜ್. ಕಂಪನಿ ನಿಂತ್ರ ಮತ್ತ ಜರಡಿ. ಹಳೀದೇ ಹಚ್ಚಿದೆ. ಮುಂದಿನ ಐದಕ್ಕೂ ಹಳೀದೇ. ಅಂವಾ ಪಂಢರಿ ಎಲ್ಲಾ ನಸೀಬ ಅಂತ ತಿಳದಾನ. ನಸೀಬ ಅಲ್ಲರಿ. ನಾ."

ಮೂರು ವರ್ಷದ ಹಿಂದೆ ಅವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಕಾಲಿನ ಬೆರಳು ಜೋಮು ಹಿಡಿದಿದೆ, ಕೈಗೂ ಬರಬಹುದು ಎಂದರು ಡಾಕ್ಟರು. ಅದೇ ವಾರ ಟ್ರಂಕು ತೆಗೆದು ಬಾವಿಯ ಮೂಲ ಟೇಪುಗಳನ್ನು ಹೊರಗಿಟ್ಟರು. ರಿಪೇರಿಯ ನಡುವೆ ಯಾವಾಗಲೋ ಗಾಲಿಗೆ ಬೆರಳು ತಾಗಿ ಎರಡು ಕ್ಷಣ ಪಂಢರಿಯ ದಪ್ಪ ದನಿ ಕೇಳಿಸಿದ್ದು ಅವರಿಗೆ ನೆನಪಿತ್ತು. ಗಾಲಿಯನ್ನು ಸರಿಯಾಗಿ ತಡೆದರೆ ಆ ದನಿ ಪೂರ್ತಿ ಬರಬೇಕು. ಎಷ್ಟು ತಡೆಯಬೇಕು ಎಂಬುದಕ್ಕೆ ಅಳತೆ ಆ ತಾಮ್ರದ ಕೊಡ. ಮೊದಲ ಪೆಟ್ಟಿಗೆ ಹೆಬ್ಬೆಟ್ಟು ಕೂಡಿಸುವುದು. ಹಾಡು ಮುಂದುವರಿದಂತೆ ಬ್ಯಾಟರಿ ಇನ್ನಷ್ಟು ಸತ್ತಿದೆಯಾದ್ದರಿಂದ ಎಳ್ಳೆಳ್ಳಷ್ಟೇ ಒತ್ತು ಹೆಚ್ಚಿಸುತ್ತ ಹೋಗುವುದು. ಕೊನೆಯ ಪೆಟ್ಟೂ ಕೂಡಿದರೆ ಹಾಡು ಸರಿ, ಎರಡನೆಯ ಮಶೀನಿನಲ್ಲಿ ಅದರ ಪ್ರತಿ. ಕೂಡದಿದ್ದರೆ ಮತ್ತೆ ಮೊದಲಿಂದ. ಒಂದು ಹಾಡಿಗೆ ಒಂದು ತಿಂಗಳು. ಮೂವತ್ತೆಂಟು ಮುಗಿದಿವೆ, ಮೂರು ಬಾಕಿ ಇವೆ.

ಕಂಪ್ಯೂಟರಿನಲ್ಲಿ ಚಿಟಿಕೆ ಹೊಡೆಯುವುದರಲ್ಲಿ ಆಗುತ್ತದಲ್ಲ ಎಂದೆ. ನಕ್ಕರು. "ಅಂಗಡಿಗಿ ಒಯ್ದಿದ್ದೆ. ಅದು ಮೊದಲಿಂದ ಕೊನೀತನಕ ಒಂದೇ ಒತ್ತು ಒತ್ತತದ. ಬ್ಯಾಟರಿ ಹಂಗ ಸಾಯೂದಿಲ್ಲರಿ. ಜರಾ ಸಾಯ್ತದ, ಜರಾ ಏಳ್ತದ. ಮನಿಷಾನಂಗ."

ಬೀದರಿನ ಈ ಓಣಿಗೆ ಈಗ ಎಂಟು ದಿನಕ್ಕೊಮ್ಮೆ ನೀರು. ನಲ್ಲಿ ಬಂದ ದಿನ ಜನ ಚಮಚಗಳಲ್ಲೂ ನೀರು ತುಂಬಿಡುತ್ತಾರೆ. ಕೌಸಲ್ಯಾಬಾಯಿಯ ಕೋಣೆಯಲ್ಲಿ ಹತ್ತೊಂಬತ್ತು ಪಾತ್ರೆಗಳು ತುಂಬುತ್ತವೆ, ಎಲ್ಲಕ್ಕಿಂತ ದೊಡ್ಡದಾದ ಈ ಕೊಡ ಮಾತ್ರ ಖಾಲಿ. ತುಂಬಿ ಬಳಸುತ್ತ ಹೋದರೆ ಎಲ್ಲಾದರೂ ತಗ್ಗು ಬೀಳುತ್ತದೆ, ತಗ್ಗು ಬಿದ್ದರೆ ದನಿ ಬೇರೆಯಾಗುತ್ತದೆ. ಮೇಲಿನ ಮಾಳಿಗೆಯಲ್ಲಿರುವ ಶರಫೋದ್ದೀನ ಸಾಬರ ಹೆಂಡತಿ, ಮನೆಯ ಒಡತಿ ಖುರ್ಷಿದ ಬೇಗಂ ಅವರಿಗೆ ಇದು ನುಂಗಲಾರದ ಸಂಗತಿ. ಅವರ ತಲೆ ಕಿಟಕಿಯಲ್ಲಿ ಕಾಣಿಸಿಕೊಳ್ಳುತ್ತದೆ.

"ಅರೇ ಕೌಸಲ್ಯಾ, ಆ ಕೊಡಕ್ಕ ನೀರ ಹಾಕಿದ್ರ ನಿನ್ನ ಪಂಢರಿ ಮುಳಗಿ ಸಾಯ್ತಾನೇನ?"

"ಸಾಯ್ತಾನರಿ ಬೇಗಂ. ಅಂವಗ ಈಸು ಬರಲ್ಲ."

"ತೌಬಾ! ನನ್ನ ಗಂಡನ ತಲೀನೂ ನೀನೇ ಕೆಡಿಸಿದಾಕಿ. ಮಗ್ಗಲ ಮನ್ಯಾಗ ಕುಡೀಲಾಕ ನೀರಿಲ್ಲ, ಇಲ್ಲಿ ಕೊಡ ಮಲಗೇದ ಸುಲ್ತಾನನಂಗ."

ಔರಾದದಲ್ಲಿ ಮಾಸ್ತರಿಕೆ ಮಾಡುವ ತಮ್ಮ ಮಾಣಿಕ ತಿಂಗಳಿಗೊಮ್ಮೆ ಫೋನು ಮಾಡುತ್ತಾರೆ. ಅಕ್ಕಾ, ಆ ರೀಲಿನ ಕಸ ಬಿಟ್ಟು ನಮ್ಮ ಮನಿಗಿ ಬಾ, ನೆರಳಾಗ ಕೂಡು. ಮೂರು ಹಾಡು ಮುಗಿಸಿ ಬರ್ತೇನಿ ಎನ್ನುತ್ತಾರೆ ಇವರು. ಹೀಗೆ ಹೇಳಲು ಶುರು ಮಾಡಿದಾಗ ಅದು ಮೂವತ್ತು ಹಾಡಾಗಿತ್ತು.

ಇಷ್ಟೆಲ್ಲ ಮಾಡಿಯೂ ಒಂದು ಕೆಲಸ ಮಾತ್ರ ಆಗಿರಲಿಲ್ಲ. ಮೂರು ವರ್ಷದಲ್ಲಿ ಒಂದು ಹಾಡನ್ನೂ ಪಂಢರಿ ಕೇಳಿರಲಿಲ್ಲ. ಕೌಸಲ್ಯಾಬಾಯಿ ಹೇಳಿ ಕಳಿಸಿದಾಗಲೆಲ್ಲ ಒಂದೇ ಉತ್ತರ: ಬ್ಯಾಡ. ಈ ವರ್ಷ ಭಾಲ್ಕಿಯಲ್ಲಿ ಹಮಾಲಿಯೂ ಇಲ್ಲ. ಐವತ್ನಾಲ್ಕನೆಯ ವಯಸ್ಸಿಗೆ ಪಂಢರಿ ಮತ್ತೆ ಗುಳೆ ಹೊರಟಿದ್ದಾರೆ, ಹೈದರಾಬಾದಿನ ಯಾವುದೋ ಕಟ್ಟಡಕ್ಕೆ ವಾಚ್‌ಮನ್ ಆಗಿ. ಲಾರಿ ಇವತ್ತು ಆರೂವರೆಗೆ ಗಾಂಧಿ ಗಂಜಿನಿಂದಲೇ ಬಿಡುತ್ತದೆ. 'ಹೋಗೂಕಿಂತ ಮೊದಲ ಬಂದು ಹೋಗು, ನಿನಗೊಂದು ಮಾತು ಹೇಳೂದದ' ಎಂದು ಕೌಸಲ್ಯಾಬಾಯಿ ಡ್ರೈವರನ ಕೈಯಲ್ಲಿ ಹೇಳಿ ಕಳಿಸಿದ್ದಾರೆ.

ಐದೂಮುಕ್ಕಾಲಿಗೆ ಬಾಗಿಲಲ್ಲಿ ನೆರಳು ಬೀಳುತ್ತದೆ. ಹೆಗಲ ಮೇಲೆ ಗಂಟು, ಕೊರಳಲ್ಲಿ ಪ್ಲಾಸ್ಟಿಕ್ ಸೀಟಿ. ಕೂಗಲಾರದ ವಾಚ್‌ಮನ್ನಿಗೆ ಅದೇ ಗಂಟಲು. ಪಂಢರಿ ಗಂಟು ಇಳಿಸಿ ಹೊಸ್ತಿಲಲ್ಲೇ ಕೂರುತ್ತಾರೆ. ಪಿಸುದನಿ ಕೇಳಲು ನಾವಿಬ್ಬರೂ ಮುಂದಕ್ಕೆ ಬಾಗುತ್ತೇವೆ.

"ಏನ ಮಾತಬೇ? ಲಾರಿ ನಿಂದರೂದಿಲ್ಲ."

ಕೌಸಲ್ಯಾಬಾಯಿ ಕೊಡಕ್ಕೆ ಒಂದು ಪೆಟ್ಟು ಹಾಕಿ, ಮಶೀನು ಒತ್ತಿ, ಹೆಬ್ಬೆಟ್ಟು ಇಡುತ್ತಾರೆ. ಎರಡನೆಯ ಕ್ಯಾಸೆಟ್ಟಿನ ಮೊದಲ ಹಾಡು, ಕೂಲಿಯವರನ್ನು ಒಯ್ಯುವ ಮುಕಾದಮನದು. ಠಣ್. ಆಮೇಲೆ ಮೂವತ್ತು ವರ್ಷದ ಹಿಂದಿನ ಬಾವಿಯ ತಳದಿಂದ ಒಂದು ದನಿ ಏಳುತ್ತದೆ. ಅವಸರವಿಲ್ಲದ, ದಪ್ಪ, ತುಸು ಒರಟು ದನಿ, ಎತ್ತು ನೊಗಕ್ಕೆ ಕುತ್ತಿಗೆ ಕೊಟ್ಟು ಉಸಿರು ಬಿಟ್ಟ ಹಾಗೆ.

ಮುಕಾದಮ ಬಂದ ಹೆಸರ ಕೂಗ್ದ
ಹೆಸರ ಊರಾಗ ಬಿಟ್ಟು ಬಂದೀನ್ರಿ

ಪಂಢರಿಯ ಬೆರಳುಗಳು ಮೊಣಕಾಲಿನ ಮೇಲೆ ಹಲಗಿಯ ಪೆಟ್ಟು ಹಾಕುತ್ತವೆ. ಮೊದಲು ಹಳೆಯ ಓಟದ ಚಾಳಿಯಂತೆ ಮುಂದೋಡಿ, ಹಾಡು ಹಿಂದುಳಿದದ್ದು ಕಂಡು ತಡವರಿಸಿ, ನಿಂತು, ಮತ್ತೆ ಹಾಡಿನ ಜೊತೆ ನಡೆಯತೊಡಗುತ್ತವೆ. ಕೊನೆಯ ಠಣ್ ಕೂಡುತ್ತದೆ. ಕೌಸಲ್ಯಾಬಾಯಿ ಹೆಬ್ಬೆಟ್ಟು ಎತ್ತುತ್ತಾರೆ. ಅದರ ಮೇಲೆ ಗಾಲಿ ಕೊರೆದ ಕೆಂಪು ಗೆರೆ ಇದೆ.

"ಪಂಢರಿ, ಇದಕ್ಕ ಹೊಸ ಬ್ಯಾಟರಿ ಇತ್ತು. ನಾ ಬೇಕಂತ ಹಳೀದು ಹಚ್ಚಿದೆ. ಇದಕ್ಕೂ, ಮುಂದಿನ ಐದಕ್ಕೂ. ನಿನ್ನ ಗಂಟಲ ಹ್ವಾದದ್ದು ನನ್ನಿಂದ."

ಓಣಿಯ ತುದಿಯಲ್ಲಿ ಲಾರಿ ಒಂದು ಸಲ ಹಾರ್ನು ಮಾಡುತ್ತದೆ. ಪಂಢರಿ ಸೀಟಿಯ ದಾರ ತಿರುವುತ್ತ ಕೊಡವನ್ನು ನೋಡುತ್ತಾರೆ.

"ಗೊತ್ತದ," ಎನ್ನುತ್ತಾರೆ. "ಹೊಸ ಬ್ಯಾಟರಿ ಮ್ಯಾಲೇ ಕುಂತು ಹಾಡೀನಿ ನಾ. ಕುಂಡಿಗಿ ಚುಚ್ಚತಿತ್ತು."

ಕೌಸಲ್ಯಾಬಾಯಿ ಕಣ್ಣು ಬಿಟ್ಟು ನೋಡುತ್ತಾರೆ. "ಮತ್ತ ಯಾಕ ಸುಮ್ಮಕಿದ್ದಿ?"

"ಭಾಲ್ಕ್ಯಾಗ ಚಪ್ಪಲಿ ಬಿದ್ದಿದ್ದು ನಿನಗೇನಬೇ? ನನಗ. ಖರೆ ಆವಾಜಿಗಿ ಚಪ್ಪಲಿ, ಓಡೂ ಆವಾಜಿಗಿ ಸೀಟಿ. ನೀ ಹೊಸದು ಹಚ್ಚತಿ ಏನೋ ಅಂತ ನನಗ ಅಂಜಿಕಿ ಇತ್ತು. ಅದಕ್ಕ ಅದರ ಮ್ಯಾಲ ಕುಂತೆ." ಒಂದಿಷ್ಟು ಕೆಮ್ಮಿ ಮುಂದುವರಿಸುತ್ತಾರೆ. "ಇಷ್ಟ ದಿನ ಕೇಳಲಿಲ್ಲ ಯಾಕ ಗೊತ್ತೇನ? ಹಾಡು ಕೇಳಿದ್ರ ನೀ ಈ ಬ್ಯಾಟರಿ ಮಾತು ತೆಗೀತಿ ಅಂತ."

ಆಮೇಲೆ ಪಂಢರಿ ಮುಖ ಕಿವುಚುತ್ತಾರೆ.

"ಎರಡನೇ ಸಾಲಿನಾಗ ಬೇಸುರ ಆಗೇದಲ್ಲ. ಓಡೂವಾಗ ಗೊತ್ತೇ ಆಗತಿರಲಿಲ್ಲ. ಭಾರಿ ಹಾಡ್ತಿದ್ದೆ ಅಂತ ಇಷ್ಟ ವರ್ಷ ತಿಳಕೊಂಡಿದ್ದೆ."

"ಹೂಂ, ಬೇಸುರ ಅದ. ಮೂವತ್ತೆಂಟರಾಗ ಇಪ್ಪತ್ತು ಬೇಸುರ ಅವ," ಎನ್ನುತ್ತಾರೆ ಕೌಸಲ್ಯಾಬಾಯಿ. "ಅದನ್ನ ನಾ ಹ್ಯಾಂಗ ಸರಿ ಮಾಡ್ಲಿ? ಹೆಬ್ಬೆಟ್ಟಿಗಿ ಅಷ್ಟು ಬರಲ್ಲ."

ಪಂಢರಿಗೆ ನಗು ಬರುತ್ತದೆ. ದನಿಯಿಲ್ಲದ ನಗು, ಹೆಗಲು ಮಾತ್ರ ಕುಣಿಯುತ್ತದೆ. ಲಾರಿ ಎರಡನೆಯ ಸಲ ಹಾರ್ನು ಮಾಡುತ್ತದೆ. ಪ್ರತಿ ಮಾಡಿದ ಕ್ಯಾಸೆಟ್ಟುಗಳನ್ನು ಕೌಸಲ್ಯಾಬಾಯಿ ಕಟ್ಟಿ ಕೊಡಲು ಹೋದರೆ ಪಂಢರಿ ಕೈ ಅಡ್ಡ ಹಿಡಿಯುತ್ತಾರೆ. ಅಲ್ಲಿ ಮಶೀನು ಎಲ್ಲಿದೆ, ಸಿಮೆಂಟಿನ ಧೂಳಿನಲ್ಲಿ ಹಾಳಾಗುತ್ತವೆ, ಇಲ್ಲೇ ಇರಲಿ. ಗಂಟು ಹೆಗಲಿಗೇರಿಸಿ ಓಣಿಗೆ ಇಳಿದವರು ಏನೋ ನೆನಪಾಗಿ ತಿರುಗುತ್ತಾರೆ.

"ಆ ಮೂರು ಹಾಡು ನಾ ತಿರುಗಿ ಬಂದ ಮ್ಯಾಲ ಕೇಳ್ತೇನಿ. ಮಳಿ ಬಿದ್ದ ಮ್ಯಾಲ. ಕೊಡ ತುಂಬಬ್ಯಾಡ."

ಒಂಬತ್ತಕ್ಕೆ ನಲ್ಲಿಗಳು ಕೆಮ್ಮತೊಡಗುತ್ತವೆ. ಎಂಟು ದಿನದ ಮೇಲೆ ನೀರು ಬಂದಿದೆ. ಇಡೀ ಓಣಿ ಬಕೆಟ್ಟು ಹಿಡಿದು ಹೊರಗೆ ನುಗ್ಗುತ್ತದೆ. ಕೌಸಲ್ಯಾಬಾಯಿ ಹತ್ತೊಂಬತ್ತು ಪಾತ್ರೆಗಳನ್ನು ಒಂದೊಂದಾಗಿ ತುಂಬಿ ಸಾಲಾಗಿ ಇಡುತ್ತಾರೆ. ಕೊಡವನ್ನು ಒಣಬಟ್ಟೆಯಿಂದ ಒರೆಸಿ, ಗೋಡೆಗೆ ತಗುಲದಂತೆ ಗೋಣಿಚೀಲದ ಮೇಲೆ ಬೋರಲು ಹಾಕುತ್ತಾರೆ. ಮೇಲಿನ ಕಿಟಕಿಯಿಂದ ಖುರ್ಷಿದ ಬೇಗಂ ನೋಡುತ್ತಿದ್ದಾರೆ. ಬಯ್ಯಲು ಬಾಯಿ ತೆರೆದವರು ಇವತ್ತು ಬಯ್ಯುವುದಿಲ್ಲ. "ನಮ್ಮ ಕಡಿ ಎರಡ ಬಕೇಟ ಹೆಚ್ಚಿಗಿ ಅವ, ಒಯ್ಯಿ," ಎಂದಷ್ಟೇ ಹೇಳಿ ಕಿಟಕಿ ಮುಚ್ಚುತ್ತಾರೆ.

ಇನ್ನೇನಾದರೂ ಬೇಕೇ, ಸರಕಾರಕ್ಕೆ ಬರೆಯಲೇ, ನಾನು ಬರೆದರೆ ದಿಲ್ಲಿ ನಡುಗುತ್ತದೆ ಎಂದು ಕೇಳಿದೆ. ಕೌಸಲ್ಯಾಬಾಯಿ ತೊಗರಿ ಕಾಳನ್ನು ಮತ್ತೆ ಬೆರಳಿನ ನಡುವೆ ಇಟ್ಟು ಹೊರಳಿಸುತ್ತಿದ್ದರು.

"ಏನೂ ಬ್ಯಾಡರಿ. ಮಳಿ ಬರೂತನಕ ಇದು ಹೆಬ್ಬೆಟ್ಟಿಗಿ ಹತ್ತಿದ್ರ ಸಾಕು."